ಎಕ್ಕಡ ಹಿಡಿದು ಚಾನಲ್ ದಾಟಿದ ದಿನ

ನಾನು ಚಿಕ್ಕವಳಿದ್ದಾಗ ಒಂದು ಜೊತೆ ಚಪ್ಪಲಿಯಿಂದ ಎರಡು ಊರಿನ ಕೆಲಸ ನಿಲ್ಲಿಸಿದ್ದೆ ಅಂದರೆ ನೀವಿಬ್ಬರೂ ನಂಬುವುದಿಲ್ಲ. ನಿಮ್ಮ ಅಮ್ಮನೂ ಮೊದಲು ನಂಬಿರಲಿಲ್ಲ. ಹೋಗಿ ನ್ಯಾಮತಿಯ ದೊಡ್ಡಮ್ಮನನ್ನೇ ಕೇಳು ಎಂದು ಕಳಿಸಿದ್ದೆ. ಅಲ್ಲಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದಳು. ನಿಮಗೆ ದೊಡ್ಡಜ್ಜಿಯಾದ ಆ ದೊಡ್ಡಮ್ಮನೇ ನನ್ನ ಅಕ್ಕ. ಆ ದಿನ ಕೆಲಸ ಕೆಟ್ಟಿದ್ದರೆ ಎಲ್ಲರಿಗಿಂತ ಹೆಚ್ಚು ನಷ್ಟವಾಗುತ್ತಿದ್ದುದೂ ಅವಳಿಗೇ.

ನಮ್ಮೂರು ತ್ಯಾವಣಿಗೆಯ ಹತ್ತಿರ. ಊರಿನ ಅಂಚಿನಲ್ಲೇ ಭದ್ರಾ ಅಣೆಕಟ್ಟೆಯಿಂದ ನೀರು ತರುವ ಕಾಲುವೆ ಇತ್ತು. ಎಲ್ಲರೂ ಅದನ್ನು ಚಾನಲ್ ಎನ್ನುತ್ತಿದ್ದರು. ನೀರು ಬಿಟ್ಟಾಗ ದೊಡ್ಡವರ ಎದೆಮಟ್ಟ ಹರಿಯುತ್ತಿತ್ತು. ನೀರು ನಿಲ್ಲಿಸಿದ ತಿಂಗಳುಗಳಲ್ಲಿ ಮಾತ್ರ ಅದು ಮಕ್ಕಳ ಪಾಲಿಗೆ. ತಳದ ಕೆಸರು ಒಣಗಿ ಹಪ್ಪಳದಂತೆ ಸುರುಳಿ ಎದ್ದಿರುತ್ತಿತ್ತು, ಕಾಲಿಟ್ಟರೆ ಚರಕ್ ಎಂದು ಮುರಿಯುತ್ತಿತ್ತು. ಬಸವನಹುಳುವಿನ ಬಿಳಿ ಚಿಪ್ಪುಗಳನ್ನು ಆರಿಸಿ ಲಂಗದಲ್ಲಿ ತುಂಬಿಕೊಳ್ಳುತ್ತಿದ್ದೆವು. ಮನೆಗೆ ಬಂದು ಎಷ್ಟು ತೊಳೆದರೂ ಕೈಯಿಂದ ಒಣ ಪಾಚಿಯ ವಾಸನೆ ಹೋಗುತ್ತಿರಲಿಲ್ಲ.

ಆ ವರ್ಷ ಚಾನಲಿನ ಆಚೆ ದಡಕ್ಕೆ ಹೊಸ ಜನ ಬಂದರು. ಆಂಧ್ರದ ಕಡೆಯಿಂದ ಎತ್ತಿನ ಗಾಡಿ, ಹಿತ್ತಾಳೆ ಬಿಂದಿಗೆ, ಕೋಳಿ, ಹಗ್ಗದ ಮಂಚ ಎಲ್ಲ ಹೇರಿಕೊಂಡು ಬಂದು ಸಾಲಾಗಿ ಗುಡಿಸಲು ಹಾಕಿದರು. ಅದಕ್ಕೆ ನಮ್ಮೂರವರು ‘ಕ್ಯಾಂಪ್’ ಎಂದು ಹೆಸರಿಟ್ಟರು. ಮುಳ್ಳು ಕಂಟಿ ಬೆಳೆದಿದ್ದ ನೆಲವನ್ನು ಅವರು ಮೂರೇ ತಿಂಗಳಲ್ಲಿ ಮಟ್ಟ ಮಾಡಿ ಗದ್ದೆ ಮಾಡಿದ್ದನ್ನು ಕಂಡು ಅಪ್ಪ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಅವರ ಮಾತು ತೆಲುಗು. ನಾವು ಪುಂಡಿ ಸೊಪ್ಪು ಅನ್ನುವುದಕ್ಕೆ ಅವರು ಗೋಂಗೂರ ಅನ್ನುತ್ತಿದ್ದರು. ಸೊಪ್ಪು ಅದೇ, ಹುಳಿಯೂ ಅದೇ. ಆದರೂ ದೊಡ್ಡವರ ನಡುವೆ ಹೋಗಿ ಬರುವುದು ಇರಲಿಲ್ಲ. ಅವರು ಯಾರೋ, ನಾವು ಯಾರೋ ಎಂಬಂತೆ ಎರಡು ದಡದಲ್ಲಿ ಎರಡು ಒಲೆ ಉರಿಯುತ್ತಿದ್ದವು.

ಮಕ್ಕಳಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ? ಕ್ಯಾಂಪಿನ ಮಕ್ಕಳು ಒಣಗಿದ ಚಾನಲ್ ಇಳಿದು ಹತ್ತಿ ನಮ್ಮ ಶಾಲೆಗೆ ಬರತೊಡಗಿದರು. ಎರಡನೇ ತರಗತಿಯಲ್ಲಿ ನನ್ನ ಪಕ್ಕ ಕೂತವಳು ಒಬ್ಬ ಗುಂಗುರು ಕೂದಲಿನ ಹುಡುಗಿ. ಅವಳಿಗೆ ಕನ್ನಡದಲ್ಲಿ ‘ಬಾ’, ‘ಕೊಡು’, ‘ಸುಮ್ನಿರು’ ಇಷ್ಟೇ ಬರುತ್ತಿತ್ತು. ಗೆಳೆತನಕ್ಕೆ ಅಷ್ಟು ಸಾಕಾಗಿತ್ತು.

ನಮ್ಮ ಶಾಲೆಯಲ್ಲಿ ಇದ್ದದ್ದು ನಾಲ್ಕನೇ ತರಗತಿಯವರೆಗೆ. ಅಕ್ಕ ನಾಲ್ಕು ಮುಗಿಸಿ ಒಂದು ವರ್ಷದಿಂದ ಮನೆಯಲ್ಲಿದ್ದಳು. ಮುಂದೆ ಓದಬೇಕೆಂದರೆ ದೂರದೂರಿಗೆ ನಡೆದು ಹೋಗಬೇಕು. ಹೆಣ್ಣುಮಗುವನ್ನು ಒಂಟಿಯಾಗಿ ಕಳಿಸುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಳು. ಅಕ್ಕ ಅಳಲಿಲ್ಲ, ಜಗಳ ಮಾಡಲಿಲ್ಲ. ರೊಟ್ಟಿ ತಟ್ಟುವಾಗ ಹಿಟ್ಟು ಹರಡಿದ ಕಲ್ಲಿನ ಮೇಲೆ ಬೆರಳಿನಿಂದ ಲೆಕ್ಕ ಬರೆದು ಅಳಿಸುತ್ತಿದ್ದಳು. ನನ್ನ ಪುಸ್ತಕ ನಾನು ಓದುವ ಮೊದಲೇ ಅವಳು ಓದಿರುತ್ತಿದ್ದಳು. ನನಗೆ ಅದು ಆಗ ಬಹಳ ಸಿಟ್ಟು ತರಿಸುತ್ತಿತ್ತು.

ಹೀಗಿರುವಾಗ ಮೇಷ್ಟ್ರು ಒಂದು ಸುದ್ದಿ ತಂದರು. ಶಾಲೆಯಲ್ಲಿ ಮಕ್ಕಳು ಸಾಕಷ್ಟಿದ್ದರೆ ಏಳನೇ ತರಗತಿಯವರೆಗೆ ಕೊಡುತ್ತಾರಂತೆ. ಚನ್ನಗಿರಿಯಿಂದ ಶಾಲೆ ಸಾಹೇಬರು ಬಂದು ತಲೆ ಎಣಿಸುತ್ತಾರಂತೆ. ನಮ್ಮೂರಿನ ಮಕ್ಕಳಷ್ಟೇ ಸಾಲವು, ಕ್ಯಾಂಪಿನವರೂ ಸೇರಿದರೆ ಸಾಕಾಗುತ್ತದೆ. ಆದರೆ ಸಾಹೇಬರು ಬರುವ ಹೊತ್ತಿಗೆ ಚಾನಲಿಗೆ ನೀರು ಬಂದಿರುತ್ತದೆ. ನೀರು ಬಂದರೆ ಕ್ಯಾಂಪಿನವರು ಮಕ್ಕಳನ್ನು ಕಳಿಸುವುದಿಲ್ಲ, ಸುತ್ತಿಕೊಂಡು ಬರಲು ಅರ್ಧ ದಿನ ಬೇಕು.

ಆಗ ಮೇಷ್ಟ್ರು ಎರಡೂ ಕಡೆಯ ಹಿರಿಯರನ್ನು ಶಾಲೆಯ ಜಗಲಿಗೆ ಕರೆಸಿ ಕೂರಿಸಿದರು. ಅವರು ಮೆತ್ತಗಿನ ಮನುಷ್ಯ, ಆ ದಿನ ಮಾತ್ರ ದನಿ ಏರಿಸಿದ್ದರು. “ಸರ್ಕಾರ ಡ್ಯಾಮ್ ಕಟ್ಟಿಸಿ ಇಲ್ಲೀಗಂಟ ನೀರು ತಂದು ಕೊಟ್ಟೈತೆ. ನಾಲ್ಕು ಮಾರು ಚಾನಲ್ ದಾಟಾಕೆ ನಾವು ಒಂದಾಗಲಿಲ್ಲ ಅಂದ್ರೆ, ದೇಶ ಒಂದು ಅಂತ ಮಕ್ಕಳಿಗೆ ಯಾವ ಬಾಯಲ್ಲಿ ಪಾಠ ಹೇಳ್ಲಿ ನಾನು?” ಎಂದರು. ಎರಡೂ ಕಡೆಯವರು ಸೇರಿ ಚಾನಲಿಗೆ ಕಲ್ಲಿನ ಸೇತುವೆ ಹಾಕುವುದೆಂದು ಒಪ್ಪಿದರು. ಚಾನಲಿನ ಇಂಜಿನಿಯರರು ಒಪ್ಪಿಗೆ ಕೊಟ್ಟರು. ನೀರು ಬರುವುದರೊಳಗೆ ಕೆಲಸ ಮುಗಿಸಬೇಕು ಎಂಬುದೊಂದೇ ಅವರ ಷರತ್ತು.

ಜಗಳೂರು ಕಡೆಯ ಒಬ್ಬ ಮೇಸ್ತ್ರಿ ಬಂದ. ಅವನಿಗೆ ಕನ್ನಡವೂ ಬರುತ್ತಿತ್ತು, ತೆಲುಗೂ ಬರುತ್ತಿತ್ತು. ಚಾನಲಿನೊಳಗೆ ಎರಡು ಕಲ್ಲಿನ ಕಂಬ ಎದ್ದವು. ಅವುಗಳ ಮೇಲೆ ಒಂಬತ್ತು ಉದ್ದನೆಯ ಚಪ್ಪಡಿ ಕೂರಿಸಿದರೆ ಸೇತುವೆ. ಒಂದೊಂದು ಚಪ್ಪಡಿಯನ್ನೂ ಹಗ್ಗದಲ್ಲಿ ಬೊಂಬುಗಳಿಗೆ ಕಟ್ಟಿ ಹೊರಲು ಹದಿನಾರು ಜನ ಬೇಕಿತ್ತು. ಎಂಟು ಜನ ನಮ್ಮವರು, ಎಂಟು ಜನ ಕ್ಯಾಂಪಿನವರು. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಮೇಸ್ತ್ರಿಯೇ ಮುಟ್ಟಿಸುತ್ತಿದ್ದ. ಹಾಗಾಗಿ ಹತ್ತು ದಿನ ಕೆಲಸ ಸರಾಗವಾಗಿ ನಡೆಯಿತು.

ಹನ್ನೊಂದನೇ ದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಚಾನಲಿನ ನೀರು ನೋಡಿಕೊಳ್ಳುವ ನೀರುಗಂಟಿ ಸೈಕಲ್ ಮೇಲೆ ಗಂಟೆ ಬಾರಿಸುತ್ತಾ ಊರ ತುಂಬ ಕೂಗಿಕೊಂಡು ಹೋದ. “ನೀರು ಬಿಟ್ಟಾರ್ರಪ್ಪೋ! ಸಂಜೀಗೆ ಇಲ್ಲಿಗೆ ಬರ್ತೈತೆ!” ಇನ್ನೂ ಮೂರು ಚಪ್ಪಡಿ ಬಾಕಿ! ಅಪ್ಪ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು. ಅಕ್ಕ ಒಲೆಯ ಮುಂದೆ ಎದ್ದು ನಿಂತವಳು ಮತ್ತೆ ಕೂರಲೇ ಇಲ್ಲ. ನಾನಂತೂ ಬಾಯಲ್ಲಿ ಇದ್ದಿಲು ಪುಡಿ ಇಟ್ಟುಕೊಂಡೇ ಓಡಿದೆ. ಸಂದುಗಳಿಗೆ ತುಂಬುವ ಸಿಮೆಂಟು ತರಲು ಮೇಸ್ತ್ರಿ ಮೊದಲ ಬಸ್ಸಿಗೇ ಚನ್ನಗಿರಿಗೆ ಹೋಗಿಬಿಟ್ಟಿದ್ದ. ಅವನಿಲ್ಲದಿದ್ದರೆ ಏನಂತೆ, ಕಲ್ಲು ಎತ್ತಲು ಮಾತು ಯಾಕೆ ಬೇಕು ಎಂದು ಗಂಡಸರು ಪಂಚೆ ಎತ್ತಿ ಕಟ್ಟಿದರು.

ಬಾಕಿ ಮೂರರಲ್ಲಿ ಮೊದಲ ಚಪ್ಪಡಿ ಹನ್ನೊಂದು ಗಂಟೆಗೆ ಕೂತಿತು. ಹೊಂಗೆ ಮರದಡಿ ಬುಟ್ಟಿ ತುಂಬ ಮಂಡಕ್ಕಿ, ಮೆಣಸಿನಕಾಯಿ ಬಂದಿದ್ದವು. ಎಲ್ಲರೂ ಚಪ್ಪಲಿಯನ್ನು ಆ ಮರದಡಿಯೇ ಬಿಟ್ಟಿದ್ದರು. ಬಿಸಿಲು ಏರಿ ಚಾನಲಿನ ಮರಳು ಹಂಚಿನಂತೆ ಕಾದಿತ್ತು. ಎರಡನೇ ಚಪ್ಪಡಿ ಎತ್ತಿದರು. ಬೊಂಬಿನ ಮುಂದಿನ ತುದಿ ಹೊತ್ತವರು ಕ್ಯಾಂಪಿನ ಹಿರಿಯರು, ನನ್ನ ಗೆಳತಿಯ ತಾತ. ಬಿಳಿ ಮೀಸೆ, ಹುರಿಗಟ್ಟಿದ ತೋಳು. ಕಂಬದ ಹತ್ತಿರ ಬಂದು ನಿಂತರು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೆಳಗೆ ಬರಿಗಾಲು, ಕಾಯ್ದ ಮರಳಿನ ಮೇಲೆ ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಎತ್ತುತ್ತಿದ್ದರು. “ಎಕ್ಕಡ? ಎಕ್ಕಡ ಪೆಟ್ಟಾಲಿ?” ಎಂದು ಕೂಗಿದರು.

ನಮ್ಮ ಕಡೆ ಚಪ್ಪಲಿಗೆ ಎಕ್ಕಡ ಎನ್ನುತ್ತೇವೆ, ನಿಮಗೆ ಗೊತ್ತಲ್ಲ? ಅಯ್ಯೋ ಪಾಪ, ತಾತನಿಗೆ ಕಾಲು ಸುಡುತ್ತಿದೆ, ಚಪ್ಪಲಿ ಕೇಳುತ್ತಿದ್ದಾರೆ, ಇಷ್ಟು ದೊಡ್ಡವರು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲವಲ್ಲ ಎಂದು ನನ್ನ ಜೀವ ಚುರ್ ಎಂದಿತು. ಮರದಡಿಗೆ ಒಂದೇ ಓಟ! ಅಪ್ಪನ ಹೊಸ ಚಪ್ಪಲಿಯೇ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ಎರಡನ್ನೂ ಎತ್ತಿಕೊಂಡು ಚಾನಲಿಗೆ ಇಳಿದೆ. ತಾತನ ಕೈ ಎರಡೂ ಬೊಂಬಿನ ಮೇಲಿದ್ದವು. ಅವರಿಗೆ ಕಾಣಲಿ ಎಂದು ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಚಪ್ಪಲಿಗಳನ್ನು ಅವರ ಮುಖದ ಮುಂದೆ ಹಿಡಿದೆ. “ತಗೊಳ್ರಿ ತಾತಾ!” ಎಂದೆ. ಏನು ಹೆಮ್ಮೆ ನನಗೆ!

ತಾತನ ಮುಖ ಮೊದಲು ಬಿಳುಚಿಕೊಂಡಿತು, ಆಮೇಲೆ ಕೆಂಪಾಯಿತು. ನಿಧಾನವಾಗಿ ಕಲ್ಲು ಕೆಳಗಿಳಿಸಿದರು. ಅಷ್ಟು ಜನರ ನಡುವೆ ಒಂದು ಮಗುವಿನ ಕೈಯಲ್ಲಿ ಚಪ್ಪಲಿ ತೋರಿಸಿದ್ದಾರೆ ಎಂದು ಕ್ಯಾಂಪಿನ ಗಂಡಸರು ಕೂಗಾಡಿದರು. ತಾತ ಹೆಗಲ ಮೇಲಿನ ಟವೆಲ್ ಕೊಡವಿ ತಮ್ಮ ದಡ ಹತ್ತಿದರು. ಉಳಿದ ಏಳು ಜನ ಅವರ ಹಿಂದೆ ಹೋದರು.

ನಮ್ಮವರಾದರೂ ಸುಮ್ಮನಿದ್ದರೇ? ಅವರು ಕೇಳಿಸಿಕೊಂಡಿದ್ದೇ ಬೇರೆ. “ಎಕ್ಕಡ ಪೆಟ್ಟು ಅಂದ್ನಲ್ಲ ಆ ಮುದುಕ! ನಮ್ಮೂರ ಕೆಲಸಕ್ಕೆ ಬಂದು ನಮಗೇ ಎಕ್ಕಡದ ಪೆಟ್ಟು ಕೊಡ್ತಾನಂತೆ! ಹೋಗ್ಲಿ ಬಿಡ್ರಿ, ಸೇತುವೆನೂ ಬ್ಯಾಡ ಏನೂ ಬ್ಯಾಡ!” ಎಂದು ಒಬ್ಬರು ಹಗ್ಗ ಎಸೆದರು. ಇನ್ನೊಬ್ಬರು ಅವರ ಬೆನ್ನಿಗೆ ನಿಂತರು. ಅಪ್ಪ ನನ್ನ ರಟ್ಟೆ ಹಿಡಿದು “ಯಾರು ಹೇಳ್ಕೊಟ್ರೇ ನಿನಗೆ ಹಿಂಗೆ ಮಾಡಾಕೆ?” ಎಂದು ಗುಡುಗಿದರು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅಪ್ಪನ ಕೈ ಮೇಲೆದ್ದಿತು. ಅಷ್ಟರಲ್ಲಿ ನೀರಿನ ಕೊಡ ಹೊತ್ತು ಬಂದ ಅಕ್ಕ ನಡುವೆ ನುಗ್ಗಿ ನನ್ನನ್ನು ಎಳೆದುಕೊಂಡಳು.

ಅವಳ ಮುಖ ನೋಡಿದಾಗ ನನಗೆ ತಿಳಿಯಿತು, ನಾನು ಏನು ಕೆಡಿಸಿದ್ದೇನೆ ಎಂದು. ಸೇತುವೆ ಇಲ್ಲ, ಕ್ಯಾಂಪಿನ ಮಕ್ಕಳಿಲ್ಲ, ಐದನೇ ತರಗತಿ ಇಲ್ಲ. ಅವಳಿಗೆ ಮತ್ತೆ ರೊಟ್ಟಿ ಹಿಟ್ಟಿನ ಮೇಲೆಯೇ ಲೆಕ್ಕ. ಆದರೂ ಅವಳು ನನ್ನನ್ನು ಬೈಯಲಿಲ್ಲ. ಮೊಣಕಾಲೂರಿ ಕೂತು “ಯಾಕೆ ಹಿಂಗೆ ಮಾಡ್ದೆ ಪುಟ್ಟಿ?” ಎಂದು ಮೆಲ್ಲಗೆ ಕೇಳಿದಳು.

“ತಾತ ಎಕ್ಕಡ ಎಕ್ಕಡ ಅಂತಿದ್ರು ಅಕ್ಕಾ. ಕಾಲು ಸುಡ್ತಿತ್ತು ಅವ್ರಿಗೆ.”

ಮಾತಿನಲ್ಲೇ ಏನೋ ಎಡವಟ್ಟಾಗಿದೆ ಎಂದು ಅಕ್ಕನಿಗೆ ಹೊಳೆಯಿತು. ಆಮೇಲೆ ಎದ್ದವಳೇ ನನ್ನ ಕೈ ಹಿಡಿದು ಚಾನಲಿಗೆ ಇಳಿದಳು. ಹಿಂದಿನಿಂದ ಅಪ್ಪ ಕೂಗಿದರು, ಯಾರ್‍ಯಾರೋ ಕೂಗಿದರು. ಅಕ್ಕ ತಿರುಗಿ ನೋಡಲಿಲ್ಲ. ಆ ದಡ ಹತ್ತಿದ್ದು ಅವಳು ಅದೇ ಮೊದಲು. ನನ್ನ ಇನ್ನೊಂದು ಕೈಯಲ್ಲಿ ಅಪ್ಪನ ಚಪ್ಪಲಿ ಹಾಗೇ ಇತ್ತು, ಅದನ್ನು ಬಿಡಬೇಕೆಂಬುದೂ ನನಗೆ ಹೊಳೆಯಲಿಲ್ಲ.

ಕ್ಯಾಂಪಿನಲ್ಲಿ ತಾತ ಹಗ್ಗದ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಎಲ್ಲೋ ಕುದಿಯುತ್ತಿದ್ದ ಗೋಂಗೂರದ ಹುಳಿ ವಾಸನೆ ಬರುತ್ತಿತ್ತು. ನಮ್ಮನ್ನು ಕಂಡು ಹೆಂಗಸರು ಗುಜುಗುಜು ಮಾತಾಡಿದರು. ಗೆಳತಿ ಮಾತ್ರ ಓಡಿ ಬಂದು ನನ್ನ ಪಕ್ಕ ನಿಂತಳು. ಅಕ್ಕ ನನ್ನ ಕೈಯ ಚಪ್ಪಲಿಯನ್ನು ತೋರಿಸಿ, ಒಂದೊಂದೇ ಮಾತು ಬಿಡಿಸಿ ಅವಳಿಗೆ ಹೇಳಿದಳು. “ಇದು ಎಕ್ಕಡ. ನಮ್ಮಲ್ಲಿ ಇದಕ್ಕೇ ಎಕ್ಕಡ ಅಂತಾರೆ. ತಾತ ಕೇಳಿದ್ರು, ಇವಳು ತಂದ್ಲು.”

ಗೆಳತಿ ಚಪ್ಪಲಿ ನೋಡಿದಳು, ನನ್ನನ್ನು ನೋಡಿದಳು. ಕಣ್ಣು ದೊಡ್ಡದಾಯಿತು. ಆಮೇಲೆ ಎಂಥ ನಗು ಅಂತೀರಿ! ಅಲ್ಲೇ ನೆಲಕ್ಕೆ ಕುಸಿದು, ಉರುಳಾಡಿ ನಕ್ಕಳು. “ತಾತಾ! ಕನ್ನಡಂಲೋ ಎಕ್ಕಡ ಅಂಟೆ ಚೆಪ್ಪುಲು!” ಎಂದು ಕಿರುಚಿದಳು. ಚೆಪ್ಪುಲು ಅಂದರೆ ಅವರ ಮಾತಿನಲ್ಲಿ ಚಪ್ಪಲಿ. ಮತ್ತೆ ನಮಗೆ ಕೈ ಆಡಿಸಿ ಆಡಿಸಿ ತಿಳಿಸಿದಳು: ಅವರ ಎಕ್ಕಡ ಅಂದರೆ ನಮ್ಮ ‘ಎಲ್ಲಿ’. ಅವರ ಪೆಟ್ಟು ಅಂದರೆ ನಮ್ಮ ‘ಇಡು’. ಪಾಪ, ಆ ತಾತ ಕಲ್ಲು ಎಲ್ಲಿ ಇಡಬೇಕು ಎಂದು ಕೇಳಿದ್ದರು, ಅಷ್ಟೇ!

ತಾತ ಗೋಡೆ ಬಿಟ್ಟು ಇತ್ತ ತಿರುಗಿದರು. “ಚೆಪ್ಪುಲಾ?” ಎಂದರು. ಬಿಳಿ ಮೀಸೆ ಮೊದಲು ಅಲುಗಿತು, ಆಮೇಲೆ ಹೆಗಲು ಕುಣಿಯಿತು. ನಮ್ಮವರು ಎಕ್ಕಡದ ಪೆಟ್ಟು ಎಂದು ತಿಳಿದಿದ್ದಾರೆ ಎಂಬುದನ್ನು ಅಕ್ಕ ಹೊಡೆಯುವ ಹಾಗೆ ಕೈ ಬೀಸಿ ತೋರಿಸಿದಾಗಲಂತೂ ತಲೆ ತಲೆ ಬಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು ನನ್ನ ಮೂಗು ತಮ್ಮ ಟವೆಲಿನಲ್ಲೇ ಒರೆಸಿದರು. ಅದು ಬೆವರು, ಹೊಗೆಸೊಪ್ಪು ನಾರುತ್ತಿತ್ತು. ನನಗೆ ಅಷ್ಟು ಸಮಾಧಾನ ಜೀವಮಾನದಲ್ಲೇ ಆಗಿರಲಿಲ್ಲ.

ಆಗಲೇ ಮೇಲಿನ ಕಡೆಯಿಂದ ಕೂಗು ಕೇಳಿಸಿತು. “ನೀರು ಮೇಲಿನೂರು ದಾಟ್ತೂ! ನೀರು ಬಂತೂ!”

ತಾತ ಜಿಗಿದೆದ್ದರು. ಅಪ್ಪನ ಚಪ್ಪಲಿ ಮೆಟ್ಟಿಕೊಂಡರು, ಕ್ಯಾಂಪಿನವರನ್ನೆಲ್ಲ ಕೂಗಿ ಕರೆದರು. ಗಂಡಸರು, ಹೆಂಗಸರು, ಮಕ್ಕಳು, ಎರಡು ನಾಯಿ ಎಲ್ಲ ಚಾನಲಿನ ಕಡೆ ಓಡಿದೆವು. ಈ ದಡದಲ್ಲಿ ನಮ್ಮವರು ಮುಖ ಊದಿಸಿಕೊಂಡು ನಿಂತಿದ್ದರು. ತಾತ ಚಾನಲಿನ ನಡುವೆ ನಿಂತು ಒಂದು ಕಾಲು ಎತ್ತಿ ಚಪ್ಪಲಿ ತೋರಿಸಿ “ಎಕ್ಕಡ!” ಎಂದರು. ಆಮೇಲೆ ಕಲ್ಲು ತೋರಿಸಿ, ಕಂಬ ತೋರಿಸಿ, ಎರಡು ಕೈ ಅಗಲಿಸಿ “ಎಕ್ಕಡ?” ಎಂದರು. ಅಕ್ಕ ದಡದ ಮೇಲೆ ನಿಂತು “ಎಲ್ಲಿ ಇಡ್ಲಿ ಅಂತ ಕೇಳಾಕೆ ಹತ್ಯಾರೆ ಕಣಪ್ಪಾ! ಅವರ ಮಾತಲ್ಲಿ ಎಲ್ಲಿ ಅನ್ನಾಕೆ ಎಕ್ಕಡ ಅಂತಾರೆ!” ಎಂದು ಕಿರುಚಿದಳು. ಹಗ್ಗ ಎಸೆದಿದ್ದವರೇ ಮೊದಲು ನಕ್ಕವರು. ನಗುತ್ತಾ ನಗುತ್ತಾ ಬಂದು ಹಗ್ಗ ಎತ್ತಿಕೊಂಡರು.

ಅಬ್ಬಾ, ಆಮೇಲಿನ ಗಡಿಬಿಡಿ! ಎಂಟು ಮತ್ತು ಎಂಟು ಹದಿನಾರು ಹೆಗಲು. ನಮ್ಮವರು “ಐಸಾ” ಅನ್ನುತ್ತಿದ್ದರು, ಅವರು “ಹೈಲೆಸ್ಸಾ” ಅನ್ನುತ್ತಿದ್ದರು. ಉಸಿರು ಮಾತ್ರ ಒಟ್ಟಿಗೇ ಬರುತ್ತಿತ್ತು. ಎಂಟನೇ ಚಪ್ಪಡಿ ಕೂತಿತು. ಒಂಬತ್ತನೆಯದು ಹೆಗಲೇರುವ ಹೊತ್ತಿಗೆ ತಿರುವಿನಲ್ಲಿ ನೀರು ಕಾಣಿಸಿತು. ಕೆಂಪಗೆ, ಒಣಗಿದೆಲೆ, ನೊರೆ, ಹುಳ ಎಲ್ಲವನ್ನೂ ಮುಂದೆ ತಳ್ಳಿಕೊಂಡು ಸರಸರ ಬರುತ್ತಿತ್ತು. ಕಾದ ಮಣ್ಣಿಗೆ ನೀರು ಬಿದ್ದ ವಾಸನೆ ನೀರಿಗಿಂತ ಮೊದಲೇ ಬಂತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾವು ಮಕ್ಕಳು ಎರಡೂ ದಡದಲ್ಲಿ ಕುಣಿದು ಕುಪ್ಪಳಿಸಿ “ಜಲ್ದಿ! ಜಲ್ದಿ!” ಎಂದು ಕೂಗುತ್ತಿದ್ದೆವು. ಆ ಒಂದು ಮಾತು ಇಬ್ಬರಿಗೂ ಅರ್ಥವಾಗುತ್ತಿತ್ತು.

ನೀರು ಅವರ ಪಾದ ಮುಟ್ಟಿತು, ಮೀನಖಂಡಕ್ಕೆ ಏರಿತು. ಚಪ್ಪಡಿ ಕಂಬದ ಮೇಲೆ ಧಡ್ ಎಂದು ಕೂತಿತು! ಒಬ್ಬೊಬ್ಬರಾಗಿ ಎಲ್ಲರೂ ಮೇಲೆ ಹತ್ತಿದರು. ಕಡೆಯವರು ತಾತ. ಅಪ್ಪ ಸೇತುವೆಯ ಮೇಲೆ ಬೋರಲು ಮಲಗಿ ಎರಡೂ ಕೈ ಚಾಚಿ ಅವರನ್ನು ಎಳೆದುಕೊಂಡರು. ತಾತ ಮೇಲೆ ಬಂದರು, ಅಪ್ಪನ ಒಂದು ಚಪ್ಪಲಿ ಮಾತ್ರ ಬರಲಿಲ್ಲ. ಅದು ಗಿರಗಿರ ತಿರುಗುತ್ತಾ ಹರಿಹರದ ಕಡೆ ಹೊರಟುಹೋಯಿತು. ಹೊಸ ಚಪ್ಪಲಿಗಾಗಿ ಅಮ್ಮ ತಿಂಗಳುಗಟ್ಟಲೆ ಗೊಣಗಿದಳು ಬಿಡಿ. ಅಪ್ಪ ಮಾತ್ರ ಆಗ ತಾತನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು, ಇಬ್ಬರೂ ಕೆಸರಾಗಿ ಕೂತು ನಗುತ್ತಿದ್ದರು. ಸಿಮೆಂಟು ಹೊತ್ತು ಬಂದ ಮೇಸ್ತ್ರಿ “ಏನಾತ್ರೀ? ಏನಾತು?” ಎಂದು ಎಲ್ಲರನ್ನೂ ಕೇಳಿದ. ನಗು ನಿಲ್ಲಿಸಿ ಹೇಳಲು ಒಬ್ಬರಿಗೂ ಆಗಲಿಲ್ಲ.

ಮುಂದಿನ ವಾರ ಸಾಹೇಬರು ಬಂದರು. ಕ್ಯಾಂಪಿನ ಮಕ್ಕಳು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಸಾಲಾಗಿ ಸೇತುವೆ ದಾಟಿ ಬಂದು ಕೂತರು. ಸಾಹೇಬರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಬೇಸಿಗೆ ರಜೆ ಮುಗಿದ ಮೇಲೆ ನಮ್ಮ ಶಾಲೆಯಲ್ಲಿ ಐದನೇ ತರಗತಿ ಶುರುವಾಯಿತು. ಹಾಜರಿ ಪುಸ್ತಕದಲ್ಲಿ ಬರೆದ ಮೊದಲ ಹೆಸರು ಅಕ್ಕನದು, ಎರಡನೆಯದು ನನ್ನ ಗೆಳತಿಯ ಅಕ್ಕನದು. ಆ ದಿನ ಅಕ್ಕ ಮನೆಗೆ ಬಂದು, ಒಂದು ವರ್ಷ ತಡೆದಿಟ್ಟಿದ್ದ ಅಳುವನ್ನೆಲ್ಲ ಅಮ್ಮನ ಮಡಿಲಲ್ಲಿ ಅತ್ತಳು. ಅವಳು ಮುಂದೆ ಟೀಚರಾಗಿ ನ್ಯಾಮತಿಯಲ್ಲಿ ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದಳು ಎಂಬುದು ನಿಮಗೇ ಗೊತ್ತಿದೆ.

ಆ ಸೇತುವೆಯ ಮೇಲೆ ಆಮೇಲೆ ಏನೇನು ಬಂತು! ಸಾಲು ಹಿಡಿದು ನಾಟಿ ಮಾಡುವುದನ್ನು ಅವರು ನಮಗೆ ಕಲಿಸಿದರು. ನಮ್ಮ ನೆಲದ ಹದ, ಮಳೆಯ ಲೆಕ್ಕ ನಾವು ಅವರಿಗೆ ಹೇಳಿಕೊಟ್ಟೆವು. ಎರಡೂ ಕಡೆಯವರು ಒಟ್ಟಿಗೆ ಹೋಗಿ ಕೇಳಿದ್ದರಿಂದ ಊರಿಗೆ ಬಸ್ಸು ಬಂತು, ಆಸ್ಪತ್ರೆ ಬಂತು. ಹಾಗಂತ ಅವರು ತೆಲುಗು ಬಿಡಲಿಲ್ಲ, ನಾವು ಕನ್ನಡ ಬಿಡಲಿಲ್ಲ. ಯುಗಾದಿಗೆ ನಮ್ಮ ಮನೆಯ ಬೇವುಬೆಲ್ಲ ಅತ್ತ ಹೋಗುತ್ತಿತ್ತು, ಅವರ ಹುಳಿ ಹುಳಿ ಪಚ್ಚಡಿ ಇತ್ತ ಬರುತ್ತಿತ್ತು. ದೇಶ ಮುಂದೆ ಬರುವುದು ಅಂದರೆ ಇದೇ ಎಂದು ನಾನು ಈಗಲೂ ತಿಳಿದಿದ್ದೇನೆ. ಸರ್ಕಾರ ತಂದ ನೀರು ನಮ್ಮ ನಡುವೆ ಹರಿಯುತ್ತಿತ್ತು, ಅದನ್ನು ದಾಟುವ ಕೆಲಸ ನಮ್ಮದಾಗಿತ್ತು.

ನಿಮಗೆ ಈಗ ಹೊನ್ನಾಳಿಯಲ್ಲಿ ಮನೆ ಬಾಗಿಲಿಗೇ ವ್ಯಾನು ಬರುತ್ತದೆ. ತುಂಗಭದ್ರೆಯನ್ನು ಕಿಟಕಿಯಿಂದ ನೋಡುತ್ತಾ ದಾಟಿಬಿಡುತ್ತೀರಿ. ಯಾವ ಭಾಷೆಯ ಯಾವ ಮಾತಿಗೆ ಏನರ್ಥ ಎಂದು ಫೋನು ಹಿಡಿದು ಕೇಳಿದರೆ ಅದೇ ಬಾಯಿಬಿಟ್ಟು ಹೇಳುತ್ತದೆ. ನನಗೆ ನಿಮ್ಮನ್ನು ಕಂಡರೆ ಸಂತೋಷ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಆದರೆ ನಿನ್ನೆ ಊಟಕ್ಕೆ ಕೂತಾಗ ನೀವೇ ಹೇಳಿದಿರಿ. ಕಟ್ಟಡದ ಕೆಲಸಕ್ಕೆ ಬಿಹಾರದಿಂದ ಬಂದವರ ಮಗಳು ನಿಮ್ಮ ತರಗತಿಗೆ ಸೇರಿದ್ದಾಳೆ, ಅವಳಿಗೆ ಕನ್ನಡ ಬರುವುದಿಲ್ಲ, ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ ಎಂದು. ಹೆಸರೇನು ಎಂದು ಕೇಳಿದೆ. ನಿಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವಳು ಬಂದು ಹದಿನೈದು ದಿನವಾಯಿತಂತೆ!

ನೀವು ಎತ್ತಬೇಕಾದ ಕಲ್ಲು ಯಾವುದೂ ಇಲ್ಲ, ನೀರೂ ಬರುತ್ತಿಲ್ಲ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತರೆ ಸಾಕು. ಮಾತು ತಪ್ಪಿದರೆ ತಪ್ಪಲಿ. ನಾಳೆ ಸಂಜೆ ಮನೆಗೆ ಬಂದ ಕೂಡಲೇ, ಚೀಲ ಇಳಿಸುವ ಮೊದಲೇ, ಆ ಹುಡುಗಿಯ ಹೆಸರು ನನಗೆ ಹೇಳಬೇಕು.